ನಡುವಿನ ಹೆಸರು ಯಾರದು?

ಚನ್ನಗಿರಿಯಿಂದ ಬಂದ ಬಸ್ಸು ನಿಮ್ಮನ್ನು ಉಬ್ರಾಣಿಯಲ್ಲಿ ಇಳಿಸಿ ಮುಂದೆ ಹೋಗುತ್ತದೆ. ಕಾರ್ತಿಕದ ಬೆಳಗು. ಗಂಟೆ ಒಂಬತ್ತಾದರೂ ಬಿಸಿಲು ಇನ್ನೂ ಚುರುಕಾಗಿಲ್ಲ. ಮನೆ ಯಾವುದೆಂದು ಯಾರನ್ನೂ ಕೇಳಬೇಕಿಲ್ಲ. ಬಾಗಿಲಿಗೆ ಮಾವಿನ ತೋರಣ ಕಟ್ಟಿದ್ದಾರೆ, ಹೊನ್ನಾಳಿ ಕಡೆಯಿಂದ ಬೀಗರನ್ನು ತಂದ ಟೆಂಪೊ ಬೇಲಿಗೆ ಒರಗಿ ನಿಂತಿದೆ. ಕಷ್ಟವಿರುವುದು ಅಂಗಳ ದಾಟುವುದರಲ್ಲಿ. ಬೇಯಿಸಿದ ಅಡಿಕೆಯನ್ನು ಉದ್ದಕ್ಕೂ ಹರವಿದ್ದಾರೆ. ಚೊಗರಿನ ಒಗರು ವಾಸನೆ ಮೂಗಿಗೆ ಅಡರುತ್ತದೆ. “ಅಂಚಿಗೆ ಬರ್ರಿ, ಅಡಿಕೆ ತುಳೀಬ್ಯಾಡ್ರಿ” ಎಂದು ಒಳಗಿನಿಂದ ಯಾರೋ ಕೂಗುತ್ತಾರೆ. ಸುಗ್ಗಿಯಲ್ಲಿ ಈ ಕಡೆ ಏನು ಕಾರ್ಯವಿದ್ದರೂ ಅಡಿಕೆಗೆ ಬಿಟ್ಟು ಮಿಕ್ಕ ಜಾಗದಲ್ಲೇ ನಡೆಯಬೇಕು.

ನಡುಮನೆಯ ತೊಲೆಗೆ ತೊಟ್ಟಿಲು ಕಟ್ಟಿದ್ದಾರೆ. ಮೂರು ತಿಂಗಳ ಹೆಣ್ಣುಮಗು ಇನ್ನೂ ಅದರೊಳಗೆ ಬಂದಿಲ್ಲ. ಒಳಕೋಣೆಯಲ್ಲಿ ಅಜ್ಜಿ ಎರೆದು, ಲೋಬಾನದ ಹೊಗೆ ಕೊಟ್ಟು, ಮಲಗಿಸಿದ್ದಾಳೆ. ಇದು ಮಗುವಿನ ತಾಯಿಯ ತವರು. ಬಾಣಂತನವೆಲ್ಲ ಆದದ್ದು ಇಲ್ಲೇ. ಇವತ್ತು ತೊಟ್ಟಿಲಿಗೆ ಹಾಕಿ ಹೆಸರಿಟ್ಟು, ಇನ್ನೆರಡು ತಿಂಗಳಿಗೆ ಗಂಡನ ಮನೆಗೆ ಕಳಿಸುತ್ತಾರೆ.

ಮಗುವನ್ನು ಏನೆಂದು ಕರೆಯಬೇಕೆಂಬುದು ಮೊದಲೇ ತೀರ್ಮಾನವಾಗಿದೆ: ಇಂಚರ. ಹೊಟ್ಟೆಯಲ್ಲಿರುವಾಗಲೇ ತಾಯಿ ಆರಿಸಿದ ಹೆಸರು. ಅದಕ್ಕೆ ಎದುರಾಗಿ ನಿಂತದ್ದು ಪಂಚಾಂಗ ಒಂದೇ. ಮಗು ಹುಟ್ಟಿದ್ದು ಹಸ್ತ ನಕ್ಷತ್ರದ ಮೂರನೇ ಪಾದದಲ್ಲಿ. ಹಸ್ತದ ನಾಲ್ಕು ಪಾದಗಳ ಅಕ್ಷರ ಪೂ, ಷ, ಣ, ಠ. ಮೂರನೆಯದು ಣ! ಅಯ್ಯನೋರು ಪಂಚಾಂಗ ಬಿಚ್ಚಿ ಅದನ್ನು ಓದಿ ಹೇಳಿದಾಗ ಮನೆಯವರೆಲ್ಲ ಮುಖ ಮುಖ ನೋಡಿಕೊಂಡರಂತೆ. ಣಕಾರದಿಂದ ಶುರುವಾಗುವ ಹೆಸರನ್ನು ಕನ್ನಡನಾಡಿನಲ್ಲಿ ಯಾರು ಎಲ್ಲಿಂದ ತರಬೇಕು? ಅಯ್ಯನೋರೇ ದಾರಿ ತೋರಿದರು: ನಕ್ಷತ್ರ ಅದೇ ಇರಲಿ, ಪಾದ ಬೇರೆ ಹಿಡಿಯೋಣ, ‘ಪೂ’ದಲ್ಲಿ ಪೂರ್ಣಿಮಾ ಎಂದು ಕಿವಿಯಲ್ಲಿ ಹೇಳಿ, ವ್ಯವಹಾರಕ್ಕೆ ನಿಮಗೆ ಬೇಕಾದ್ದು ಇಟ್ಕಳ್ಳಿ. ಜನ್ಮನಾಮ ಕಿವಿಗೆ, ವ್ಯವಹಾರನಾಮ ಊರಿಗೆ. ನಮ್ಮಲ್ಲಿ ಎರಡು ಹೆಸರಿನ ಪದ್ಧತಿ ಹೊಸದೇನೂ ಅಲ್ಲ. ಎರಡೂ ಒಂದೇ ಕಾಗದದ ಮೇಲೆ ಅಕ್ಕಪಕ್ಕ ಕೂತಿರಲಿಲ್ಲ, ಅಷ್ಟೇ.

ಈಗ ಕೂರಿಸಬೇಕಾಗಿದೆ. ಜಗಲಿಯ ಮೇಲೆ ಕಂಬಕ್ಕೆ ಒರಗಿ ಕೂತಿರುವ ಮಗುವಿನ ಸೋದರಮಾವನ ಕೈಯಲ್ಲಿ ಒಂದು ಕಾಗದವಿದೆ. ಪಕ್ಕದಲ್ಲೇ ನಿಮಗೂ ಜಾಗ ಮಾಡಿಕೊಡುತ್ತಾನೆ. ಚನ್ನಗಿರಿಯಲ್ಲಿ ಹೆರಿಗೆಯಾದಾಗ ಕೊಟ್ಟ ಜನನ ಪ್ರಮಾಣಪತ್ರ ಅದು. ಹುಟ್ಟಿದ ದಿನಾಂಕವಿದೆ, ತಾಯಿ ಹೆಸರು, ತಂದೆ ಹೆಸರು, ವಿಳಾಸ ಎಲ್ಲ ಇದೆ. ಮಗುವಿನ ಹೆಸರಿನ ಮುಂದೆ ಮಾತ್ರ ಖಾಲಿ. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು, ನಮ್ಮವರು ತೊಟ್ಟಿಲಿಗೆ ಹಾಕುವುದು ಮೂರನೇ ತಿಂಗಳಿಗೋ ಐದನೇ ತಿಂಗಳಿಗೋ. ಹಾಗಾಗಿ ಈ ಖಾಲಿ ಜಾಗ ಮನೆಮನೆಯ ಕಾಗದದಲ್ಲೂ ಇರುತ್ತದೆ.

“ಇಂಚರ ಅಂತ ಒಂದೇ ಬರೆಸಿದ್ರೆ ಆಗಲ್ವಾ?” ಅಂತ ನೀವು ಕೇಳುತ್ತೀರಿ.

“ಬರೆಸಬಹುದು. ಆಮೇಲೆ ನನ್ನ ಗತಿ ಅವಳಿಗೂ ಬರ್ತೈತೆ” ಅನ್ನುತ್ತಾನೆ ಮಾವ. ಅವನು ಬೆಂಗಳೂರಲ್ಲಿ ಕೆಲಸದಲ್ಲಿದ್ದಾನೆ, ಕಂಪನಿ ಕೆಲಸಕ್ಕೆ ಆಗಾಗ ಹೊರದೇಶಕ್ಕೆ ಓಡಾಡುತ್ತಾನೆ. ಅವನ ಪಾಸ್‌ಪೋರ್ಟಿನಲ್ಲಿ ಇರುವುದು ಒಂದೇ ಹೆಸರು. 2022ರ ನವೆಂಬರಿನಲ್ಲಿ ಯುಎಇ ಸರ್ಕಾರ, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರನ್ನು ಪ್ರವಾಸಿ ವೀಸಾದಲ್ಲಿ ಒಳಗೆ ಬಿಡುವುದಿಲ್ಲವೆಂದು ವಿಮಾನ ಕಂಪನಿಗಳಿಗೆ ತಿಳಿಸಿದಾಗ ದಕ್ಷಿಣ ಭಾರತದವರು ಎಷ್ಟೋ ಜನ ತಲೆ ಕೆರೆದುಕೊಂಡರು. ಅಮೆರಿಕದ ವೀಸಾದಲ್ಲಿ ಇನ್ನೊಂದು ತಮಾಷೆ. ಒಂಟಿ ಹೆಸರನ್ನು ಉಪನಾಮದ ಜಾಗಕ್ಕೆ ತಳ್ಳಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಹಾಕುತ್ತಾರೆ. ಮೊದಲ ಹೆಸರು ಗೊತ್ತಿಲ್ಲ ಎಂದು ಅದರ ಅರ್ಥ. ಅಲ್ಲಿ ಹೋದ ಮೇಲೆ ಬ್ಯಾಂಕಿನವರು, ಆಸ್ಪತ್ರೆಯವರು ನಮ್ಮ ಹುಡುಗರನ್ನು “ಮಿಸ್ಟರ್ ಫ್ನೂ” ಎಂದು ಕೂಗುತ್ತಾರೆ.

ಇನಿಷಿಯಲ್ ಹಾಕಿದರೆ ಸಾಲದೇ ಅಂದರೆ, ಸಾಲದು. ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಪ್ಯಾನ್ ಕಾರ್ಡಿಗೂ ಹಾಗೇ. ಮಗುವಿನ ಅಪ್ಪ ಇಷ್ಟು ಹೊತ್ತು ಸುಮ್ಮನಿದ್ದವನು ಈಗ ನಗುತ್ತಾನೆ. ಅವನ ಹೆಸರಿನ ಮುಂದೆ ಎರಡು ಇನಿಷಿಯಲ್ ಇವೆ. ಮೊದಲನೆಯದು ಊರಿನದೋ ಮನೆತನದ್ದೋ ಅವನಿಗೆ ಈಗಲೂ ಖಚಿತವಿಲ್ಲ. ಶಾಲೆಗೆ ಸೇರಿಸಿದ ದಿನ ಮೇಷ್ಟ್ರು ಕೇಳಿದ್ದಕ್ಕೆ ಅಜ್ಜ ಏನೋ ಹೇಳಿದ, ಮೇಷ್ಟ್ರು ಏನೋ ಬರೆದುಕೊಂಡರು.

“ನಮ್ಮ ಕಡೆ ಈ ತಾಪತ್ರಯ ಇಲ್ಲ ನೋಡ್ರಿ” ಎನ್ನುವುದು ರಾಣೆಬೆನ್ನೂರಿಗೆ ಕೊಟ್ಟ ದೊಡ್ಡತ್ತೆ. ಅವಳ ಮಾತು ಖರೇ. ತುಂಗಭದ್ರೆ ದಾಟಿ ಹಾವೇರಿ, ಧಾರವಾಡ, ಬೆಳಗಾವಿ ಕಡೆ ಹೋದಂತೆ ಹೆಸರಿಗೆ ಮೂರು ಮನೆ: ತನ್ನದು, ಅಪ್ಪನದು, ಅಡ್ಡಹೆಸರು. ಇತ್ತ ಶಿವಮೊಗ್ಗ, ಮೈಸೂರು ಸೀಮೆಯಲ್ಲಿ ಊರೂ ಅಪ್ಪನೂ ಮುಂದೆ ಇನಿಷಿಯಲ್ಲಾಗಿ ನಿಂತು, ತನ್ನ ಹೆಸರು ಕೊನೆಗೆ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಅಂದರೆ ಊರು, ಅಪ್ಪ, ಮಗ. ಚನ್ನಗಿರಿ ತಾಲ್ಲೂಕು ಎರಡೂ ಪದ್ಧತಿ ಕಲೆಯುವ ಜಾಗದಲ್ಲಿದೆ. ಇದೇ ತಾಲ್ಲೂಕಿನ ಕಾರಿಗನೂರಿನವರು ಜೆ.ಎಚ್. ಪಟೇಲರು, 1996ರಿಂದ 1999ರವರೆಗೆ ಮುಖ್ಯಮಂತ್ರಿ. ಚನ್ನಗಿರಿಯನ್ನು ಶಿವಮೊಗ್ಗದಿಂದ ಬಿಡಿಸಿ 1997ರಲ್ಲಿ ಹೊಸ ದಾವಣಗೆರೆ ಜಿಲ್ಲೆಗೆ ಸೇರಿಸಿದ್ದು ಅವರ ಕಾಲದಲ್ಲೇ. ಜೆ.ಎಚ್. ಅಂದರೆ ಜಯದೇವಪ್ಪ ಹಾಲಪ್ಪ. ಮೊದಲನೆಯದು ತಮ್ಮದು, ನಡುವಿನದು ಅಪ್ಪನದು, ಕೊನೆಯದು ಮನೆತನದ ಪಟೇಲಿಕೆ. ಊರಿನ ಮಾತಿಲ್ಲ. ನಡುವಿನ ಹೆಸರು ಅಂದರೆ ಅಪ್ಪನ ಹೆಸರು ಎಂದು ಗಂಡಸರು ಪ್ರಶ್ನೆಯನ್ನೇ ಕೇಳದೆ ಒಪ್ಪಿಕೊಂಡು ಬಂದಿದ್ದಾರೆ, ಅದು ಅವರಿಗೆ ನಡೆದೂ ಇದೆ.

ಹೆಣ್ಣಿನ ವಿಷಯದಲ್ಲಿ ಹಾಗಲ್ಲ. ಎಂ.ಕೆ. ಇಂದಿರಾ ಹುಟ್ಟಿದ್ದು 1917ರಲ್ಲಿ, ತೀರ್ಥಹಳ್ಳಿಯಲ್ಲಿ. ಅವರ ‘ಎಂ’ ಮಂಡಗದ್ದೆ, ‘ಕೆ’ ಕೃಷ್ಣರಾವ್. ಎರಡೂ ಗಂಡನ ಕಡೆಯಿಂದ ಬಂದವು. ‘ಫಣಿಯಮ್ಮ’ದಂಥ ಕಾದಂಬರಿ ಬರೆದವರ ಹೆಸರಿನ ಮುಂದೆಯೂ ಹುಟ್ಟಿದ ಮನೆಯ ಒಂದಕ್ಷರ ಉಳಿದಿಲ್ಲ. ದೂರ ಏಕೆ, ಈ ಮಗುವಿನ ತಾಯಿಯನ್ನೇ ಕೇಳಿ. ಒಳಕೋಣೆಯ ಹೊಸ್ತಿಲ ಮೇಲೆ ಕಿವಿಗೆ ಹತ್ತಿ ಇಟ್ಟುಕೊಂಡು ಕೂತಿದ್ದಾಳೆ. ಅವಳ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅಪ್ಪನ ಇನಿಷಿಯಲ್, ಆಧಾರಿನಲ್ಲಿ ಇನಿಷಿಯಲ್ಲೇ ಇಲ್ಲ, ರೇಷನ್ ಕಾರ್ಡಿನಲ್ಲಿ ಗಂಡನ ಹೆಸರು ಅಂಟಿಕೊಂಡಿದೆ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ನಾಲ್ಕನೇ ಥರ. “ನಾಲ್ಕು ಕಾಗದದಾಗೆ ನಾಲ್ಕು ಜನ ಇದೀನಿ ನಾನು. ಇವಳಿಗೆ ಮದುವೆ ಆದ್ರೂ ಬದಲಾಗದಂಥ ಹೆಸರು ಇಡ್ರಿ ನಡುವೆ” ಅನ್ನುತ್ತಾಳೆ.

ಈ ಮಾತಿಗೆ ಜಗಲಿಯಲ್ಲಿ ಯಾರೂ ಉತ್ತರ ಕೊಡುವುದಿಲ್ಲ. ಮಾವ ಕಾಗದ ಮಡಚಿಕೊಂಡು ಅಡುಗೆಮನೆಗೆ ನಡೆಯುತ್ತಾನೆ, ನೀವೂ ಹಿಂದೆ ಹೋಗುತ್ತೀರಿ.

ಅಲ್ಲಿ ಹೂರಣ ರುಬ್ಬಿ ಮುಗಿದಿದೆ, ಕಣಕ ನಾದುತ್ತಿದ್ದಾರೆ. ಕಡಲೆ ಗುಗ್ಗರಿ ದೊಡ್ಡ ಬೋಗುಣಿಯಲ್ಲಿ ಹಬೆಯಾಡುತ್ತಿದೆ. ನೆರೆಮನೆಯವರು, ತೋಟದ ಕೆಲಸಕ್ಕೆ ಬರುವವರು ಎಲ್ಲ ಸೇರಿದ್ದಾರೆ. ಬಟ್ಟಲು ಕೈಗೆ ಬರುವುದರೊಳಗೆ ಹೆಸರುಗಳೂ ಬರತೊಡಗುತ್ತವೆ.

“ಶಾಂತಾ ಅಂತ ಇಡ್ರಿ, ನಮ್ಮ ಕೆರೆ ಹೆಸರು.” ಸೂಳೆಕೆರೆಯ ಮಾತು ಇದು. ಶಾಂತವ್ವ ಎಂಬ ಅರಸುಮಗಳು ಅದನ್ನು ಕಟ್ಟಿಸಿದಳೆಂಬ ಕಥೆ ಈ ತಾಲ್ಲೂಕಿನಲ್ಲಿ ಗೊತ್ತಿಲ್ಲದವರಿಲ್ಲ. ಸರ್ಕಾರಿ ಫಲಕದಲ್ಲಿ ಶಾಂತಿಸಾಗರ, ಜನರ ಬಾಯಲ್ಲಿ ಸೂಳೆಕೆರೆ; ಒಂದು ಕೆರೆಗೇ ಎರಡು ಹೆಸರು ನಡೆಯುತ್ತಿದೆ.

“ಚನ್ನಮ್ಮ ಅಂದ್ರೆ?” ಕೆಳದಿ ಚೆನ್ನಮ್ಮನಿಂದಲೇ ಚನ್ನಗಿರಿಗೆ ಆ ಹೆಸರು ಬಂತೆಂದು ಇಲ್ಲಿಯವರ ನಂಬಿಕೆ. ಹೆಸರು ಗಟ್ಟಿ, ಆದರೆ ಮಗುವಿನ ಅಪ್ಪನ ಮನೆಯಲ್ಲಿ ಆಗಲೇ ಇಬ್ಬರು ಚನ್ನಮ್ಮಂದಿರು ಇದ್ದಾರೆ. ಅಲ್ಲಿಗೆ ಅದು ಬಿತ್ತು.

ಕಣಕ ನಾದುತ್ತಿದ್ದ ಚಿಕ್ಕಮ್ಮ, “ಅಮೃತಾ ಚೆನ್ನಾಗೈತೆ” ಎನ್ನುತ್ತಾಳೆ. ಹತ್ತಿರದ ತರೀಕೆರೆ ತಾಲ್ಲೂಕಿನ ಅಮೃತಾಪುರ ಅವಳ ತಲೆಯಲ್ಲಿದೆ. 1196ರಲ್ಲಿ, ಹೊಯ್ಸಳ ಇಮ್ಮಡಿ ಬಲ್ಲಾಳನ ಕಾಲದಲ್ಲಿ ಅಮೃತೇಶ್ವರ ದಂಡನಾಯಕ ಕಟ್ಟಿಸಿದ ಗುಡಿ ಅಲ್ಲಿದೆ. ಭದ್ರೆಯ ನೀರೆತ್ತಿ ಕೆರೆ ತುಂಬಿಸುವ ಯೋಜನೆಯ ಹೆಸರೂ ಉಬ್ರಾಣಿ–ಅಮೃತಾಪುರ ಏತ ನೀರಾವರಿ. ಎಲ್ಲರೂ ಒಪ್ಪುವ ಹಾಗೆ ಕಾಣುತ್ತದೆ. ಅಷ್ಟರಲ್ಲಿ ಮಾವ, “ಎರಡೂ ಸೇರಿಸಿ ಒಂದ್ಸಲ ಕರೀರಿ” ಅಂತಾನೆ. ಚಿಕ್ಕಮ್ಮ ಕರೆಯುತ್ತಾಳೆ: ಇಂಚರ ಅಮೃತಾ. ಎರಡನೇ ಸಲ ಬೇಗ ಕರೆದಾಗ ‘ರ’ದ ಕೊನೆಯ ಅಕಾರ ಮುಂದಿನ ಅಕಾರಕ್ಕೆ ಹತ್ತಿಕೊಂಡು ಇಂಚರಾಮೃತಾ ಆಗುತ್ತದೆ. ಆಯುರ್ವೇದದ ಅಂಗಡಿಯಲ್ಲಿ ಸಿಗುವ ಟಾನಿಕ್ಕಿನ ಹಾಗಿದೆ ಎಂದು ಯಾರೋ ಅನ್ನುತ್ತಾರೆ. ಎಲ್ಲರಿಗೂ ನಗು. ಶಾಲೆಯಲ್ಲಿ ಕಲಿತ ಸವರ್ಣದೀರ್ಘ ಸಂಧಿ ಅಡುಗೆಮನೆಯಲ್ಲಿ ಉಪಯೋಗಕ್ಕೆ ಬಂದದ್ದು ಇದೇ ಮೊದಲಿರಬೇಕು. ಮೊದಲ ಹೆಸರು ಅಕಾರದಲ್ಲಿ ಮುಗಿದರೆ ಎರಡನೆಯದು ಸ್ವರದಿಂದ ಶುರುವಾಗದಿರಲಿ, ವ್ಯಂಜನದಿಂದಲೇ ಶುರುವಾಗಲಿ. ಹೆಸರು ಹುಡುಕುವವರು ಇದೊಂದನ್ನು ನೆನಪಿಟ್ಟರೆ ಅರ್ಧ ಗೊಂದಲ ತಪ್ಪುತ್ತದೆ.

ಇಂಚರ ಪೂರ್ಣಿಮಾ? ಕಿವಿಗೆ ಹಿತವಾಗಿದೆ, ಜನ್ಮನಾಮವೂ ಕಾಗದಕ್ಕೆ ಬಂದಂತಾಗುತ್ತದೆ. ಆದರೆ ಜನ್ಮನಾಮವನ್ನು ಎಲ್ಲರಿಗೂ ಹೇಳಬಾರದು ಎಂದು ದೊಡ್ಡತ್ತೆಯ ತಕರಾರು. ಇಂಚರ ಶ್ರೀ? ತೀರಾ ಹಗುರ. ತಾಂಡಾದಿಂದ ಬಂದಿದ್ದ ಹಿರಿಯಳು ಗುಗ್ಗರಿ ಬಾಯಿಗೆ ಹಾಕಿಕೊಳ್ಳುತ್ತ, “ನಮ್ಮಾಗೆ ಎಲ್ಲಾರ್ಗೂ ಬಾಯಿನೇ, ಯೋಚ್ನೆನೇ ಇಲ್ಲ” ಅನ್ನುತ್ತಾಳೆ. ಪಕ್ಕದ ಮನೆಯ ಹುಡುಗಿ, ತಮ್ಮಲ್ಲಿ ಬಾನು ಇರುತ್ತೆ ಅನ್ನುತ್ತಾಳೆ. ಅಮ್ಮ, ಅಕ್ಕ, ಬಾಯಿ, ಬಾನು: ಹೆಣ್ಣಿನ ಹೆಸರಿಗೆ ಬಾಲವಾಗಿ ಬರುವಂಥವು ನಮ್ಮಲ್ಲಿ ಎಷ್ಟೋ ಇವೆ. ಅವು ಗೌರವಕ್ಕೆ ಬಂದವು. ಯಾರ ಮೊಮ್ಮಗಳು ಎಂದು ಹೇಳುವುದಿಲ್ಲ.

ಯಾರ ಮೊಮ್ಮಗಳು ಎಂಬ ಮಾತು ಬಂದದ್ದೇ ತಡ, ಎಲ್ಲರ ಕಣ್ಣು ಒಲೆ ಮುಂದಿದ್ದ ಅಜ್ಜಿಯ ಕಡೆ ತಿರುಗುತ್ತದೆ. ಮಗುವಿನ ತಾಯಿಯ ತಾಯಿ. ಹೆಸರು ಹಾಲಮ್ಮ. ಈ ಸೀಮೆಯ ಹೆಸರು ಅದು. ಹಾಲಸ್ವಾಮಿಗೆ ನಡೆದುಕೊಳ್ಳುವ ಮನೆಗಳಲ್ಲಿ ಹಾಲಪ್ಪ, ಹಾಲಮ್ಮ, ಹಾಲೇಶ ತಲೆತಲಾಂತರದಿಂದ ಬಂದಿವೆ. ಚನ್ನಗಿರಿ, ಹೊನ್ನಾಳಿ ಬಿಟ್ಟು ದೂರ ಹೋದಷ್ಟೂ ಇವು ಕೇಳುವುದು ಕಡಿಮೆ.

ಅಜ್ಜಿ ಕೈ ಕೊಡವುತ್ತಾಳೆ. “ನನ್ನ ಹಳೇ ಕಾಲದ ಹೆಸರು ಯಾಕೆ ಕೂಸಿಗೆ? ಇರೋರ ಹೆಸರು ಇಡಬಾರದು ಅಂತಾರೆ.” ಅದೂ ಇದೆ. ಬದುಕಿರುವ ಹಿರಿಯರ ಹೆಸರು ಮಗುವಿಗಿಟ್ಟರೆ, ಮಗುವನ್ನು ಬೈಯುವಾಗ ಹಿರಿಯರನ್ನೇ ಬೈದಂತಾಗುತ್ತದೆ. ಅತ್ತೆಯ ಹೆಸರನ್ನು ಸೊಸೆ ಬಾಯಲ್ಲಿ ಆಡುವ ಹಾಗಿಲ್ಲ. ಅದಕ್ಕೇ ನಮ್ಮವರು ಹಿರಿಯರು ತೀರಿಕೊಂಡ ಮೇಲೆ ಹೆಸರಿಡುತ್ತಿದ್ದರು, ಇಟ್ಟರೂ ಕರೆಯಲು ಪುಟ್ಟಿ, ಪಾಪಮ್ಮ ಎಂದು ಬೇರೆ ಮಾಡಿಕೊಳ್ಳುತ್ತಿದ್ದರು. ಇಲ್ಲಿ ಆ ತೊಡಕಿಲ್ಲ. ಕರೆಯುವುದು, ಬೈಯುವುದು ಎಲ್ಲ ಇಂಚರ ಎಂದೇ. ನಡುವಿನದು ಕಾಗದದ ಹೆಸರು.

“ಹಾಲಶ್ರೀ ಅಂತ ಮಾಡಿದ್ರೆ?” ಎನ್ನುತ್ತಾಳೆ ಚಿಕ್ಕಮ್ಮ, ಸ್ವಲ್ಪ ಹೊಸದಾಗಿ ಕಾಣಲಿ ಎಂದು.

ಅಷ್ಟು ಹೊತ್ತು ಬೇಡವೆನ್ನುತ್ತಿದ್ದ ಅಜ್ಜಿಗೆ ಇದು ಸೇರುವುದಿಲ್ಲ. “ಅಮ್ಮನ್ನ ಕಿತ್ತು ಶ್ರೀ ಹಾಕಿದ ಮ್ಯಾಲೆ ನಾನೆಲ್ಲಿ ಉಳಿದೆ ಅದರಾಗೆ? ಇಟ್ರೆ ಇದ್ದಂಗೆ ಇಡ್ರಿ, ಇಲ್ಲಾಂದ್ರೆ ಬಿಡ್ರಿ.”

ಈಗ ತೀರ್ಪು ಹೇಳಬೇಕಾದವರು ಬೀಗಿತ್ತಿ, ಅಂದರೆ ಮಗುವಿನ ಅಪ್ಪನ ತಾಯಿ. ಗಂಡಿನ ಕಡೆಯ ಹಿರಿಯಳು ಅವಳೇ. ತನ್ನ ಹೆಸರು ಬರಲಿ ಎಂದರೆ ಇಲ್ಲವೆನ್ನುವವರು ಯಾರೂ ಇಲ್ಲ. ಅವಳು ಬಾಯಲ್ಲಿದ್ದ ಎಲೆಅಡಿಕೆ ಒಂದು ಕಡೆಗೆ ಒತ್ತಿ ಹೇಳುತ್ತಾಳೆ: “ನಮ್ಮ ಕಡೆಯಿಂದ ಅಪ್ಪನ ಹೆಸರು ಕೊನೆಗೆ ಬಂದೇ ಬರ್ತೈತಲ್ಲ. ಎಣ್ಣೆ ಹಚ್ಚಿ ನೀರೆರೆದೋರು ಇವರು. ನಡುವೆ ಇವರ ಹೆಸರೇ ಇರಲಿ.”

ಮಾವ ಹಿತ್ತಿಲಿಗೆ ಹೋಗುತ್ತಾನೆ. ಅಲ್ಲಿಂದಾಚೆ ತೋಟ, ತೋಟದ ಆಚೆ ಕಾಡಿನ ಕಡೆಯ ಗುಡ್ಡಗಳು. ಆನೆ ಬರುವ ಭಯಕ್ಕೆ ಕತ್ತಲಾಗುವುದರೊಳಗೆ ಜನ ಹಿಂತಿರುಗುವ ತೋಟಗಳು ಇವು. ಹೆಸರು ಹಿಡಿದು ಕೂಗುವುದು ಇಲ್ಲಿ ನಿತ್ಯದ ಕೆಲಸ. ಅಡಿಕೆ ಮರಗಳ ಸಾಲಿಗೆ ಮುಖ ಮಾಡಿ ಪೂರ್ತಿ ಹೆಸರು ಕೂಗುತ್ತಾನೆ, “ಇಂಚರಾ ಹಾಲಮ್ಮಾ...” ‘ಹಾ’ ಎಂದು ಬಾಯಿ ತೆರೆಯುವಲ್ಲಿ ಎರಡೂ ಹೆಸರು ಬೇರೆ ಬೇರೆ ನಿಲ್ಲುತ್ತವೆ, ‘ಮ್ಮ’ದಲ್ಲಿ ತುಟಿ ಕೂಡಿ ಮುಗಿಯುತ್ತದೆ. ತೋಟದೊಳಗಿಂದ ಕೊನೆ ತೆಗೆಯುತ್ತಿದ್ದವನೊಬ್ಬ, “ಏನ್ರೀ, ಅಮ್ಮಾರ್ನ ಯಾಕೆ ಕರೀತೀರಿ?” ಎನ್ನುತ್ತಾನೆ.

ಹನ್ನೊಂದರ ಹೊತ್ತಿಗೆ ಅಯ್ಯನೋರು ಬರುತ್ತಾರೆ. ಮಗುವಿನ ಹಣೆಗೆ ವಿಭೂತಿ ಇಡುತ್ತಾರೆ. ನೀವು ತೊಟ್ಟಿಲ ಕಾಲ ಕಡೆ ನಿಂತಿದ್ದೀರಿ, ಎಲ್ಲ ಕಾಣುತ್ತದೆ. ಮೊದಲು ತೊಟ್ಟಿಲಿಗೆ ಬರುವುದು ಮಗುವಲ್ಲ, ಗುಂಡುಕಲ್ಲು. ಒರಳಿನ ಗುಂಡನ್ನು ತೊಳೆದು, ಅರಿಶಿನ ಕುಂಕುಮ ಹಚ್ಚಿ, ಮಗುವಿನದೇ ಕುಲಾವಿ ತೊಡಿಸಿದ್ದಾರೆ. ಈಚೆ ನಿಂತವರು ತೊಟ್ಟಿಲ ಕೆಳಗಿನಿಂದ ಕೊಟ್ಟರೆ ಆಚೆಯವರು ಮೇಲಿನಿಂದ ಹಿಂದಕ್ಕೆ ಕೊಡುತ್ತಾರೆ. ಭಾರಕ್ಕೆ ದೊಡ್ಡತ್ತೆಯ ಬಳೆ ಕಲ್ಲಿಗೆ ತಾಗಿ ಟಣ್ ಎನ್ನುತ್ತದೆ. ಗುಂಡಿನ ಹಾಗೆ ಗಟ್ಟಿಯಾಗಿರಲಿ ಎಂಬ ಹಾರೈಕೆ ಅದು. ಆಮೇಲೆ ಮಗು. ಹೆಸರಿಡುವ ಹಕ್ಕು ಸೋದರತ್ತೆಯದು. ಅವಳು ತೊಟ್ಟಿಲೊಳಗೆ ಬಗ್ಗಿ, ಒಂದು ಕೈಯನ್ನು ಬಾಯಿಗೆ ಮರೆ ಮಾಡಿಕೊಂಡು, ಮೊದಲು ಜನ್ಮನಾಮ, ಆಮೇಲೆ ಇಂಚರ ಹಾಲಮ್ಮ ಎಂದು ಬಲಗಿವಿಯಲ್ಲಿ ಹೇಳುವುದೂ, ಹಿಂದೆ ನಿಂತ ಹೆಂಗಸರು ಅವಳ ಬೆನ್ನಿಗೆ ದಬದಬ ಗುದ್ದುವುದೂ ಒಟ್ಟಿಗೇ. ಗುದ್ದಿನ ಸದ್ದಿಗೆ ಮಗು ಬೆಚ್ಚಿ ಅಳುತ್ತದೆ. ಸೋದರತ್ತೆ ಬೆನ್ನು ಉಜ್ಜಿಕೊಳ್ಳುತ್ತ ತನಗೆ ಬರಬೇಕಾದ ಸೀರೆ ಎಲ್ಲಿ ಎಂದು ಕೇಳುತ್ತಾಳೆ.

ಹೋಳಿಗೆ ಊಟ ಮುಗಿದ ಮೇಲೆ ಮತ್ತೆ ಜಗಲಿ, ಮತ್ತೆ ಅದೇ ಕಾಗದ. ಈಗ ಉಳಿದಿರುವುದು ಇಂಗ್ಲಿಷ್ ಅಕ್ಷರ. ಇಂಚರ ಎಂಬುದರ ಕೊನೆಗೆ ‘ಎ’ ಒಂದೋ ಎರಡೋ? ಹಾಲಮ್ಮನಿಗೆ ‘ಎಂ’ ಎರಡು ಬೇಕೇ ಬೇಕು. ಒಂದು ಬಿಟ್ಟರೆ ಊರಾಚೆಯವರು ‘ಹಾಲಮ’ ಎಂದು ಓದುತ್ತಾರೆ. ಸಂಖ್ಯಾಶಾಸ್ತ್ರ ಬಲ್ಲ ನೆಂಟರೊಬ್ಬರು ನಡುವೆ ಒಂದು ‘ಎಚ್’ ಜಾಸ್ತಿ ಹಾಕಿದರೆ ಯೋಗ ಕೂಡಿ ಬರುತ್ತದೆ ಎನ್ನುತ್ತಾರೆ. ಅವರಿಗೆ ಇನ್ನೊಂದು ಬಾಳೆಹಣ್ಣು ಕೊಟ್ಟು ಸುಮ್ಮನಾಗಿಸುತ್ತಾರೆ. ಒಳ್ಳೆಯ ಕೆಲಸ. ಈಗ ಬರೆಸಿದ ಕಾಗುಣಿತವೇ ಮುಂದೆ ಎಲ್ಲ ಕಡೆಗೂ ಆಧಾರ. ತಿದ್ದುಪಡಿಯಾದ ಜನನ-ಮರಣ ನೋಂದಣಿ ಕಾಯ್ದೆ 2023ರ ಅಕ್ಟೋಬರ್ 1ರಂದು ಜಾರಿಗೆ ಬಂತು. ಅವತ್ತಿನಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ, ಪಾಸ್‌ಪೋರ್ಟ್, ಮತದಾರರ ಪಟ್ಟಿ, ಎಲ್ಲಕ್ಕೂ ಜನ್ಮದಿನದ ದಾಖಲೆ ಎಂದರೆ ಜನನ ಪ್ರಮಾಣಪತ್ರವೇ. ಆಧಾರಿನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಅವಕಾಶ.

ಅಪ್ಪನ ಹೆಸರು ನಡುವೆ ಬೇಡವೇ ಎಂದು ಜಗಲಿಯ ಹಿರಿಯರೊಬ್ಬರು ಕೊನೆಯ ಸಲ ಕೇಳಿ ನೋಡುತ್ತಾರೆ. ಮಾವ ಪ್ರಮಾಣಪತ್ರ ತೋರಿಸುತ್ತಾನೆ. ಅಪ್ಪನ ಹೆಸರಿಗೆ ಅದರಲ್ಲೇ ಬೇರೆ ಸಾಲಿದೆ, ಅದನ್ನು ಯಾರೂ ಅಳಿಸುವುದಿಲ್ಲ. ಪಕ್ಕದ ಮಹಾರಾಷ್ಟ್ರದಲ್ಲಿ 2024ರ ಮೇ 1ರಿಂದ ಹುಟ್ಟಿದ ಮಕ್ಕಳ ಸರ್ಕಾರಿ ದಾಖಲೆಯಲ್ಲಿ ಮಗುವಿನ ಹೆಸರಿನ ಬೆನ್ನಿಗೇ ತಾಯಿಯ ಹೆಸರು, ಆಮೇಲೆ ತಂದೆಯದು. ಅಲ್ಲಿ ಅದು ನಿಯಮ. ಇಲ್ಲಿ ಉಬ್ರಾಣಿಯಲ್ಲಿ ಇಬ್ಬರು ಅಜ್ಜಿಯರು ಒಲೆ ಮುಂದೆ ಕೂತು ತಾವೇ ತೀರ್ಮಾನಿಸಿದ್ದಾರೆ. ನನ್ನನ್ನು ಕೇಳಿದರೆ ಇದೇ ಸರಿ. ಅಪ್ಪ ಕೊನೆಗೆ ಇರಲಿ. ನಡುವಿನ ಜಾಗವನ್ನು ಮದುವೆಯಿಂದ ಬದಲಾಗದ, ಮನೆಯಲ್ಲಿ ಯಾರಾದರೊಬ್ಬರು ನಿಜವಾಗಿ ಹೊತ್ತು ಬದುಕಿದ ಹೆಣ್ಣುಹೆಸರಿಗೆ ಕೊಡಬೇಕು. ಹಳೆಯದಾಯಿತೆಂದು ಅದನ್ನು ಅರ್ಧ ಕತ್ತರಿಸಬಾರದು.

ನಿಮ್ಮ ಮನೆಯಲ್ಲೂ ಹೆಸರಿನ ಸಾಲು ಖಾಲಿ ಇರುವ ಪ್ರಮಾಣಪತ್ರವಿದ್ದರೆ ಕಪಾಟಿನಿಂದ ತೆಗೆಯಿರಿ. ಜನನ ಎಲ್ಲಿ ನೋಂದಣಿಯಾಗಿದೆಯೋ ಅದೇ ಕಚೇರಿಗೆ ಅರ್ಜಿ ಕೊಡಬೇಕು. ನೋಂದಣಿಯಾಗಿ ಹನ್ನೆರಡು ತಿಂಗಳೊಳಗಾದರೆ ಹೆಸರು ಸೇರಿಸಲು ಶುಲ್ಕವಿಲ್ಲ. ಆಮೇಲೆ ಹದಿನೈದು ವರ್ಷದವರೆಗೆ ತಡವಾದ ಶುಲ್ಕ ಕಟ್ಟಿ ಸೇರಿಸಬಹುದು. ಇನಿಷಿಯಲ್ ಬರೆಸಬೇಡಿ, ಪೂರ್ತಿ ಹೆಸರು ಬರೆಸಿ. ಅಚ್ಚಾದ ಕಾಗದವನ್ನು ಅಲ್ಲೇ ನಿಂತು, ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಅಕ್ಷರ ಅಕ್ಷರವಾಗಿ ಓದಿ ನೋಡಿಯೇ ಹೊರಗೆ ಬನ್ನಿ.